ಮಿಲ್ಲಿಂಗ್ ಯಂತ್ರಕ್ಕೆ ಲೇಸರ್ ಕೂರಿಸಿ, ದುಂಡು ಅಕ್ಷರ ಕೆತ್ತಿ

‘3018’ ಎಂಬ ಪುಟ್ಟ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕೊರೆಯುವ) ಯಂತ್ರ ಎಷ್ಟೋ ಹವ್ಯಾಸಿಗಳ ಮೇಜಿನ ಮೇಲಿದೆ. ಕೆಲಸದ ಜಾಗ 300 ಮಿ.ಮೀ. ಉದ್ದ, 180 ಮಿ.ಮೀ. ಅಗಲ, ಹೆಸರು ಬಂದಿದ್ದೂ ಆ ಅಳತೆಯಿಂದಲೇ. ಮರ ಚೆನ್ನಾಗಿಯೇ ಕೊರೆಯುತ್ತದೆ. ಆದರೆ ಹೆಸರಿನ ಫಲಕದಲ್ಲಿ ‘ಶ್ರೀ’ ಎಂದು ಚಿಕ್ಕದಾಗಿ ಬರೆಸಿ ನೋಡಿ. ಒತ್ತಕ್ಷರದ ಸುಳಿಯನ್ನು ಬಿಟ್ (ಕೊರೆಯುವ ಮೊನೆ) ತಿಂದುಹಾಕುತ್ತದೆ. ಅಂಥ ಕಡೆ ಲೇಸರ್ ಬೇಕು. ಬಿಟ್ ತಿರುಗಿಸುವ ಮೋಟರ್, ಅಂದರೆ ಸ್ಪಿಂಡಲ್ ಇರುವ ಜಾಗಕ್ಕೆ ಒಂದು ಲೇಸರ್ ಡಯೋಡ್ ಕೂರಿಸಿದರೆ ಅದೇ ಯಂತ್ರ ಕೆತ್ತನೆಗೂ ಆಗುತ್ತದೆ.

ಮೊದಲು ಕಣ್ಣಿನ ಮಾತು. ಈ ಡಯೋಡ್‌ಗಳ ನೀಲಿ ಬೆಳಕು ಸುಮಾರು 450 ನ್ಯಾನೋಮೀಟರ್‌ನದು. ಅದು ನೇರವಾಗಿ ಕಣ್ಣಿನ ಒಳಪದರಕ್ಕೆ ಹೋಗಿ ಬೀಳುತ್ತದೆ. ರೆಪ್ಪೆ ಮುಚ್ಚುವಷ್ಟರಲ್ಲಿ ಸುಟ್ಟಾಗಿರುತ್ತದೆ, ಆ ಗಾಯ ಮತ್ತೆ ಮಾಯುವುದಿಲ್ಲ. ನೇರ ನೋಡಿದರೆ ಮಾತ್ರ ಅಪಾಯ ಅಂದುಕೊಳ್ಳಬೇಡಿ. ಹಾಸಿನ ಅಲ್ಯೂಮಿನಿಯಂ, ಹೊಳೆಯುವ ಕ್ಲಾಂಪ್, ಒಂದು ಸ್ಕ್ರೂ ತಲೆ ಸಾಕು, ಬೆಳಕು ಚಿಮ್ಮಿ ಬರಲು. ಲೇಸರ್ ಜೊತೆ ಪುಕ್ಕಟೆ ಬರುವ ಗುರುತಿಲ್ಲದ ಕನ್ನಡಕವನ್ನು ನಂಬಬೇಡಿ. 450 ನ್ಯಾನೋಮೀಟರ್‌ಗೆ ಓಡಿ (ಬೆಳಕನ್ನು ತಡೆಯುವ ಶಕ್ತಿಯ ಅಳತೆ) 5 ಅಥವಾ ಜಾಸ್ತಿ ಎಂದು ಮುದ್ರಿಸಿರುವ ಕನ್ನಡಕವನ್ನೇ ಕೊಳ್ಳಿ. ಕೋಣೆಯಲ್ಲಿ ಇರುವವರೆಲ್ಲ ಅದನ್ನು ಹಾಕಿಕೊಳ್ಳಬೇಕು. ಮಕ್ಕಳು, ಬೆಕ್ಕು, ನಾಯಿ ಹೊರಗೇ ಇರಲಿ.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ವ್ಯಾಟ್ ನೋಡಿ ಮೋಸ ಹೋಗಬೇಡಿ. ಹಲವು ಸಲ ಅದು ಒಳಗೆ ಹೋಗುವ ವಿದ್ಯುತ್ತಿನ ಲೆಕ್ಕ. ಹೊರಗೆ ಬರುವ ಬೆಳಕು ಎಷ್ಟು ವ್ಯಾಟ್ ಎಂದು ಕೇಳಿ. ಮರದ ಮೇಲೆ ಬರೆಯಲು 5 ವ್ಯಾಟ್ ಬೆಳಕು ಧಾರಾಳ.

ಈಗ ಜೋಡಣೆ. ಪ್ಲಗ್ ಕಿತ್ತು, ಸ್ಪಿಂಡಲ್ ಬಿಚ್ಚಿ, ಅದರ ವೈರನ್ನೂ ಯಂತ್ರ ನಡೆಸುವ ಬೋರ್ಡ್‌ನಿಂದ ತೆಗೆಯಿರಿ. ಎಷ್ಟೋ ಬೋರ್ಡ್‌ಗಳಲ್ಲಿ ಸ್ಪಿಂಡಲ್, ಲೇಸರ್ ಎರಡಕ್ಕೂ ಒಂದೇ ಸಿಗ್ನಲ್ ಹೋಗುತ್ತದೆ. ಲೇಸರ್‌ಗೆ ಮೂರು ವೈರ್: ಕರೆಂಟ್, ಗ್ರೌಂಡ್, ಮತ್ತೆ ಎಷ್ಟು ಜೋರಾಗಿ ಉರಿಯಬೇಕು ಎಂದು ಹೇಳುವ ಪಿಡಬ್ಲ್ಯುಎಂ ಸಿಗ್ನಲ್. ಲೇಸರ್ ಕೇಳುವುದು 12 ವೋಲ್ಟೋ 24 ವೋಲ್ಟೋ, ಬೋರ್ಡ್ ಕೊಡುವುದು ಎಷ್ಟು ಎಂದು ಮಲ್ಟಿಮೀಟರ್ ಇಟ್ಟು ನೋಡಿದ ಮೇಲೇ ಚುಚ್ಚಿ. ಲೇಸರ್‌ಗೆ ಬೇರೆ ಅಡಾಪ್ಟರ್ ಇದ್ದರೆ ಎರಡರ ಗ್ರೌಂಡನ್ನೂ ಸೇರಿಸಬೇಕು, ಇಲ್ಲದಿದ್ದರೆ ಸಿಗ್ನಲ್ ಸರಿಯಾಗಿ ಮುಟ್ಟುವುದಿಲ್ಲ. ನಿಮ್ಮ ಬೋರ್ಡ್ ಆರ್ಡುಯಿನೋ ಉನೊ ಆಗಿದ್ದು, ಅದರ ಮೇಲೆ ಯಂತ್ರ ನಡೆಸುವ ಜಿಆರ್‌ಬಿಎಲ್ 1.1 ತಂತ್ರಾಂಶ ಓಡುತ್ತಿದ್ದರೆ ಸಿಗ್ನಲ್ ಸಿಗುವುದು 11ನೇ ಪಿನ್‌ನಲ್ಲಿ.

ಜಿಆರ್‌ಬಿಎಲ್‌ನಲ್ಲಿ ಬದಲಿಸಬೇಕಾದ ಸೆಟ್ಟಿಂಗ್ ಮೂರೇ: $30=1000, $31=0, $32=1. ಮೊದಲೆರಡು ಪವರ್‌ನ ಗರಿಷ್ಠ, ಕನಿಷ್ಠ ಅಂಕಿ. ಕೊನೆಯದು ಲೇಸರ್ ಮೋಡ್. ಅದಿಲ್ಲದಿದ್ದರೆ ಪವರ್ ಬದಲಾದಾಗಲೆಲ್ಲ ಯಂತ್ರ ನಿಂತು ಮುಂದೆ ಹೋಗುತ್ತದೆ, ನಿಂತಲ್ಲೆಲ್ಲ ಕಪ್ಪು ಚುಕ್ಕೆ ಬೀಳುತ್ತದೆ.

ಇನ್ನೊಂದು ಗುಟ್ಟು ಕನ್ನಡ ಕೆತ್ತುವವರಿಗೆ ತುಂಬಾ ಮುಖ್ಯ. ನಾನು ಮೊದಲು ಕೆತ್ತಿದ್ದು ‘ಅಮ್ಮ’. ನೇರ ಗೆರೆಗಳು ಚಂದ ಕಂದು ಬಣ್ಣಕ್ಕೆ ಬಂದವು. ‘ಅ’ ತಿರುಗುವ ಕಡೆ, ಮ-ಒತ್ತಿನ ಸುಳಿಯಲ್ಲಿ ಮಾತ್ರ ಇದ್ದಿಲಾಗಿತ್ತು. ಬೆರಳಿಟ್ಟರೆ ಮಸಿ ಅಂಟುತ್ತಿತ್ತು. ಕಾರಣ ಸರಳ: ತಿರುವು ಬಂದಾಗ ಯಂತ್ರ ನಿಧಾನಿಸುತ್ತದೆ, ಲೇಸರ್ ಮಾತ್ರ ಅಷ್ಟೇ ಜೋರಾಗಿ ಉರಿಯುತ್ತಿರುತ್ತದೆ. ಲೇಸರ್ ಹೊತ್ತಿಸಲು ಯಂತ್ರಕ್ಕೆ ಕೊಡುವ ಎಂ3 ಆದೇಶದ ಗುಣವೇ ಅದು. ಎಂ4 ಕೊಟ್ಟರೆ ವೇಗ ಇಳಿದಂತೆ ಪವರ್ ಕೂಡ ಇಳಿಯುತ್ತದೆ, ಯಂತ್ರ ನಿಂತರೆ ಬೆಳಕೂ ಆರುತ್ತದೆ. ನಮ್ಮ ಅಕ್ಷರಗಳಲ್ಲಿ ತಿರುವುಗಳೇ ಜಾಸ್ತಿ ಅಲ್ವಾ? ಹಾಗಾಗಿ ನಮಗೆ ಎಂ4 ಬಿಟ್ಟರೆ ಬೇರೆ ದಾರಿ ಇಲ್ಲ. ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ಲೇಸರ್‌ಜಿಆರ್‌ಬಿಎಲ್ ತಂತ್ರಾಂಶದಲ್ಲಿ ಇದನ್ನು ಆರಿಸಿಕೊಳ್ಳಬಹುದು.

ಫೋಕಸ್ ಹಿಡಿಯಲು ಚುಕ್ಕೆಯನ್ನು ದಿಟ್ಟಿಸಿ ಕೂರುವುದು ಬೇಡ. ಪ್ಲೈವುಡ್ ಚೂರೊಂದರ ಒಂದು ತುದಿಗೆ ಬೆಣೆ ಕೊಟ್ಟು ಓರೆಯಾಗಿ ಇಡಿ. ಎತ್ತರದ ತುದಿ ಲೇಸರ್‌ಗೆ ತಾಗದಂತೆ ನೋಡಿಕೊಂಡು, ಉದ್ದಕ್ಕೂ ಒಂದೇ ಗೆರೆ ಎಳೆಸಿ. ಎರಡೂ ತುದಿಯಲ್ಲಿ ಗೆರೆ ದಪ್ಪ, ನಡುವೆ ಒಂದು ಕಡೆ ಕೂದಲಿನಷ್ಟು ಸಣ್ಣ. ಫೋಕಸ್ ಅಲ್ಲೇ. ಎತ್ತರ ಬದಲಿಸದೆ ಲೇಸರನ್ನು ಆ ಜಾಗದ ಮೇಲೆ ತಂದು, ಕರೆಂಟ್ ತೆಗೆದು, ಅದರ ತಳದಿಂದ ಮರದವರೆಗೆ ಅಳೆಯಿರಿ. ಅಷ್ಟೇ ಎತ್ತರದ ಮರದ ತುಂಡೊಂದನ್ನು ಕತ್ತರಿಸಿ ಇಟ್ಟುಕೊಂಡರೆ ಮುಂದಿನ ಸಲ ಅಳತೆಯ ತಾಪತ್ರಯವೇ ಇಲ್ಲ.

ಆಮೇಲೆ ಪವರ್. ವೇಗ ನಿಮಿಷಕ್ಕೆ 800 ಮಿ.ಮೀ. ಇಟ್ಟು 200, 400, 600, 800, 1000ಕ್ಕೆ ಒಂದೊಂದು ಪುಟ್ಟ ಚೌಕ ತುಂಬಿಸಿ. ನಿಮ್ಮ ಮರಕ್ಕೆ ಯಾವುದು ಒಪ್ಪುತ್ತದೆ ಎಂದು ಆ ಐದು ಚೌಕಗಳೇ ಹೇಳುತ್ತವೆ.

ಪಾರದರ್ಶಕ ಅಕ್ರಿಲಿಕ್‌ನಲ್ಲಿ ನೀಲಿ ಬೆಳಕು ಸುಮ್ನೆ ದಾಟಿಹೋಗುತ್ತದೆ, ಗುರುತೇ ಬೀಳುವುದಿಲ್ಲ. ರೆಕ್ಸಿನ್, ಪಿವಿಸಿ ಹಾಳೆಗಳನ್ನಂತೂ ಮುಟ್ಟಲೇಬೇಡಿ. ಅವು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊರಡುತ್ತದೆ. ನಿಮ್ಮ ಶ್ವಾಸಕೋಶಕ್ಕೂ ಕೇಡು, ಯಂತ್ರದ ಕಬ್ಬಿಣಕ್ಕೂ ತುಕ್ಕು. ಮರದ ಹೊಗೆಯೂ ಒಳ್ಳೆಯದಲ್ಲ, ಕಿಟಕಿಗೆ ಒಂದು ಎಕ್ಸಾಸ್ಟ್ ಫ್ಯಾನ್ ಇರಲಿ. ಕೆಲಸ ಮುಗಿಯುವ ತನಕ ಪಕ್ಕದಲ್ಲೇ ಇರಿ, ಒಂದು ನಿಮಿಷಕ್ಕೂ ಎದ್ದು ಹೋಗಬೇಡಿ. ಕಿಡಿ ಹತ್ತಿಕೊಂಡರೆ ಕೈಗೆ ಎಟುಕುವಂತೆ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು.

ಮತ್ತೆ ಸ್ಪಿಂಡಲ್ ಹಾಕುವಾಗ $32=0 ಮಾಡುವುದನ್ನು ಮರೆಯಬೇಡಿ. ಲೇಸರ್ ಮೋಡ್‌ನಲ್ಲೇ ಬಿಟ್ಟರೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೇಗನೆ ಸರಿಯುವಾಗ ಸ್ಪಿಂಡಲ್ ಆರಿಬಿಡುತ್ತದೆ. ಅದು ಪೂರ್ತಿ ತಿರುಗುವ ಮೊದಲೇ ಬಿಟ್ ಮರಕ್ಕೆ ಇಳಿದು ಮುರಿಯುತ್ತದೆ. ನಾನು ಯಂತ್ರದ ಚೌಕಟ್ಟಿಗೆ ಒಂದು ಚೀಟಿ ಅಂಟಿಸಿದ್ದೇನೆ: ‘ಲೇಸರ್ 1, ಸ್ಪಿಂಡಲ್ 0’.