ಪ್ಲಾಕ್ ಸುತ್ತ ಮಬ್ಬು ಬಳೆ: ಫೇಜ್ ಡಿಪಾಲಿಮರೇಸ್ ಪತ್ತೆ ಮಾಡುವ ಬಗೆ

ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಬ್ಯಾಕ್ಟೀರಿಯಾ ಮೈತುಂಬ ಸಕ್ಕರೆ ಸರಪಳಿಗಳ ಲೋಳೆ ಹೊದ್ದಿರುತ್ತದೆ. ಅದನ್ನು ಸೀಳದೆ, ಬ್ಯಾಕ್ಟೀರಿಯಾಗೆ ಸೋಂಕು ತಗಲಿಸುವ ವೈರಸ್‌ಗಳಾದ ಎಷ್ಟೋ ಫೇಜ್‌ಗಳಿಗೆ ಒಳದಾರಿಯೇ ಇಲ್ಲ. ಸೀಳುವುದು ಫೇಜ್‌ನ ಬಾಲದ ಮುಳ್ಳಿನಂಥ ಪ್ರೋಟೀನ್. ಅದೇ ಡಿಪಾಲಿಮರೇಸ್ ಕಿಣ್ವ. ಬ್ಯಾಕ್ಟೀರಿಯಾ ರೋಗಕಾರಕವಾದ್ದರಿಂದ ಕೆಲಸವೆಲ್ಲ ಬಯೋಸೇಫ್ಟಿ ಲೆವೆಲ್ 2 ಲ್ಯಾಬ್‌ನಲ್ಲೇ ನಡೆಯಬೇಕು.

1.5% ಅಗರ್ ಪ್ಲೇಟ್‌ಗಳನ್ನು ಮೊದಲೇ ಒಣಗಿಸಿಡಿ. ಓಡಿ (ಕಲ್ಚರ್ ಎಷ್ಟು ಕದಡಿದೆ ಎಂಬ ಅಳತೆ) 0.4–0.5ರ ಹೊಸ ಕಲ್ಚರ್ 200 ಮೈಕ್ರೊಲೀಟರ್‌ಗೆ ಫೇಜ್ ಡೈಲ್ಯೂಷನ್ 100 ಮೈಕ್ರೊಲೀಟರ್ ಬೆರೆಸಿ, 10 ನಿಮಿಷ ಬಿಟ್ಟು, 45–48 ಡಿಗ್ರಿಯ 0.5% ಮೆತ್ತನೆ ಅಗರ್ 4 ಮಿ.ಲೀ. ಜೊತೆ ಸುರಿಯಿರಿ. ತೀರಾ ಬಿಸಿಯಿದ್ದರೆ ಬ್ಯಾಕ್ಟೀರಿಯಾ ಸಾಯುತ್ತವೆ, ತಣ್ಣಗಾದರೆ ಅಗರ್ ಗಂಟುಗಂಟಾಗುತ್ತದೆ. ಪ್ಲೇಟಿಗೆ 20–30 ಪ್ಲಾಕ್ (ಫೇಜ್ ಬ್ಯಾಕ್ಟೀರಿಯಾ ಕೊಂದು ಮಾಡುವ ತೂತು) ಸಾಕು. ಹೆಚ್ಚಾದರೆ ಬಳೆಗಳು ಒಂದರೊಳಗೊಂದು ಸೇರಿಹೋಗುತ್ತವೆ.

37 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟ ಮೇಲೆ ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ನಡುವೆ ನಿಚ್ಚಳ ತೂತು, ಸುತ್ತಲೂ ಚಂದ್ರ ಗುಡಿ ಕಟ್ಟಿದ ಹಾಗೆ ಮಬ್ಬು ಬಳೆ. ತೂತಿನಲ್ಲಿ ಬ್ಯಾಕ್ಟೀರಿಯಾ ಸತ್ತಿವೆ. ಬಳೆಯಲ್ಲಿ ಬದುಕಿಯೇ ಇವೆ, ಹೊದಿಕೆ ಮಾತ್ರ ಹೋಗಿದೆ. ಈ ವ್ಯತ್ಯಾಸ ಮರೆತರೆ ಮುಂದಿನ ಫಲಿತಾಂಶವೆಲ್ಲ ತಪ್ಪಾಗಿ ಓದುತ್ತೀರಿ. ಇನ್ನೆರಡು ದಿನ ಬಿಟ್ಟು ಅಳೆಯಿರಿ. ತೂತು ನಿಂತಲ್ಲೇ ನಿಂತು ಬಳೆ ಹಿಗ್ಗುತ್ತಿದ್ದರೆ, ಬಿಡಿಯಾದ ಕಿಣ್ವ ಅಗರ್‌ನಲ್ಲಿ ಹರಡುತ್ತಿದೆ ಎಂದೇ ತಿಳಿಯಿರಿ.

ಬಳೆ ಬರೀ ಸುಳಿವು. ಖಚಿತಪಡಿಸಲು ಡಿಪಾಲಿಮರೇಸ್‌ನ ಜೀನನ್ನು ಪ್ರೋಟೀನ್ ತಯಾರಿಸುವ ಲ್ಯಾಬ್ ತಳಿ ಇ. ಕೋಲೈ ಬಿಎಲ್21ರಲ್ಲಿ ಕ್ಲೋನ್ ಮಾಡಿ, ಜೀನನ್ನು ಚಾಲೂ ಮಾಡುವ ಐಪಿಟಿಜಿ 0.1–0.2 ಮಿಲಿಮೋಲಾರ್ ಹಾಕಿ 16–18 ಡಿಗ್ರಿಯಲ್ಲಿ ರಾತ್ರಿಯಿಡೀ ಬೆಳೆಸಿ. ಸಾಮಾನ್ಯವಾಗಿ ಮೂರು ಎಳೆ ಹೆಣೆದುಕೊಂಡರಷ್ಟೇ ಈ ಪ್ರೋಟೀನ್ ಕೆಲಸಕ್ಕೆ ಬರುತ್ತದೆ. 37 ಡಿಗ್ರಿಯ ಅವಸರದಲ್ಲಿ ಅದು ಸರಿಯಾಗಿ ಮಡಚಿಕೊಳ್ಳದೆ ಗರಣೆಗಟ್ಟುವ ಸಂಭವ ಹೆಚ್ಚು. ನಿಕ್ಕಲ್ ಕಾಲಂನಲ್ಲಿ ಶುದ್ಧಮಾಡಿ, ಕಾಲಂನಿಂದ ಪ್ರೋಟೀನ್ ಬಿಡಿಸಲು ಬಳಸಿದ ಇಮಿಡಜೋಲ್ ಹೋಗುವಂತೆ ಡಯಾಲಿಸಿಸ್ ಮಾಡಿ. ಹತ್ತುಪಟ್ಟು ಡೈಲ್ಯೂಷನ್‌ಗಳಲ್ಲಿ 5 ಮೈಕ್ರೊಲೀಟರ್‌ನಂತೆ ಬ್ಯಾಕ್ಟೀರಿಯಾ ಹಾಸಿನ ಮೇಲೆ ತೊಟ್ಟಿಕ್ಕಿ. ಪಕ್ಕದಲ್ಲಿ ಬರೀ ಬಫರ್, ಕುದಿಸಿದ ಕಿಣ್ವ ಎರಡೂ ಇರಲಿ. 60 ಡಿಗ್ರಿ ಸಾಲದು, ಅದನ್ನು ತಾಳಿಕೊಳ್ಳುವ ಡಿಪಾಲಿಮರೇಸ್‌ಗಳು ಬಹಳ; 95 ಡಿಗ್ರಿಯಲ್ಲಿ 15 ನಿಮಿಷ ಕೊಡಿ.

ಕಿಣ್ವದ ಕಲೆ ಮಬ್ಬಾಗಿರಬೇಕು. ಪೂರಾ ನಿಚ್ಚಳವಾಗಿದ್ದರೆ ಬೇರೇನೋ ಬ್ಯಾಕ್ಟೀರಿಯಾವನ್ನು ಕೊಂದಿದೆ. ಮೊದಲು ಬಫರ್ ಕಲೆ ನೋಡಿ. ಏನೂ ಕಾಣದಿದ್ದರೆ ಕ್ಯಾಪ್ಸೂಲ್ (ಲೋಳೆ ಹೊದಿಕೆ) ವಿಧ ಪರೀಕ್ಷಿಸಿ: ಕೆ1 ವಿಧದ ಸಕ್ಕರೆ ಸೀಳುವ ಕಿಣ್ವ ಸಾಮಾನ್ಯವಾಗಿ ಕೆ2ನ್ನು ಮುಟ್ಟುವುದಿಲ್ಲ. ಪದೇ ಪದೇ ಸಬ್‌ಕಲ್ಚರ್ ಮಾಡಿದ ತಳಿಯೂ ಲೋಳೆ ಕಳೆದುಕೊಂಡಿರಬಹುದು. ಅನುಮಾನವಿದ್ದರೆ ಕಲ್ಚರನ್ನು ಸೆಂಟ್ರಿಫ್ಯೂಜ್‌ನಲ್ಲಿ 1000 ಜಿಯಲ್ಲಿ (ಗುರುತ್ವದ ಸಾವಿರ ಪಟ್ಟು) 5 ನಿಮಿಷ ತಿರುಗಿಸಿ. ದಟ್ಟ ಲೋಳೆಯಿದ್ದರೆ ಮೇಲಿನ ದ್ರವ ಕದಡಿದಂತೆಯೇ ಉಳಿಯುತ್ತದೆ. ಕಿಣ್ವ ಬೆರೆಸಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟ ಟ್ಯೂಬ್‌ನಲ್ಲಿ ಬ್ಯಾಕ್ಟೀರಿಯಾ ಗಟ್ಟಿಯಾಗಿ ತಳಕಚ್ಚಿ, ಮೇಲೆ ತಿಳಿ ನಿಲ್ಲುತ್ತದೆ.