ಸ್ಟೆಂಟ್ ಹಾಕಿಸಿಕೊಂಡವರ ನಿದ್ದೆ, ವಿಡಿಯೋ ಕಾಲ್‌ನಲ್ಲಿ

ನಾನು ಮನಶ್ಶಾಸ್ತ್ರಜ್ಞೆ. ಹಾರ್ಟ್ ಅಟ್ಯಾಕ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು "ಮೇಡಂ, ರಾತ್ರಿ ನಿದ್ದೆನೇ ಬರಲ್ಲ" ಅಂತ ಬಂದರೆ ವಿಡಿಯೋ ಕಾಲ್‌ನಲ್ಲಿ ಸಿಬಿಟಿ-ಐ ಮಾಡಿಸುತ್ತೇನೆ. ಮಲಗುವ ಅಭ್ಯಾಸ, ನಿದ್ದೆ ಬಗ್ಗೆ ಇರುವ ಯೋಚನೆಗಳನ್ನು ಬದಲಿಸುವ, ನಿದ್ದೆಗೆಂದೇ ಇರುವ ಥೆರಪಿ ಇದು. ಬಹಳ ದಿನದಿಂದ ನಿದ್ದೆ ಇಲ್ಲದವರಿಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಅಲ್ಲಿನ ಡಾಕ್ಟರುಗಳ ಸಂಘ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಇಂಥದ್ದೊಂದು ಇದೆ ಅನ್ನೋದೇ ಗೊತ್ತಿಲ್ಲ, ಬೇಜಾರಾಗುತ್ತದೆ.

ಮೊದಲ ಕಾಲ್‌ನಲ್ಲಿ ಗೊರಕೆ ಇದೆಯಾ, ಎಷ್ಟು ದಿಂಬು ಇಟ್ಟು ಮಲಗುತ್ತೀರಿ, ಉಸಿರು ಕಟ್ಟಿ ಎದ್ದು ಕೂರುತ್ತೀರಾ, ಕಾಲು ಊದಿದೆಯಾ, ಇವನ್ನೇ ಜಾಸ್ತಿ ಕೇಳುತ್ತೇನೆ. ಅನುಮಾನ ಬಂದರೆ ಮೊದಲು ಹಾರ್ಟ್ ಡಾಕ್ಟರ್ ಹತ್ತಿರ ಕಳಿಸುತ್ತೇನೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಅಪ್ನಿಯಾವನ್ನಾಗಲಿ, ಶ್ವಾಸಕೋಶದಲ್ಲಿ ನೀರು ತುಂಬಿದ್ದನ್ನಾಗಲಿ ಮಾತಾಡಿ ಸರಿ ಮಾಡೋಕಾಗಲ್ಲ ಅಲ್ವಾ? ಮಾತ್ರೆ ಚೀಟಿಯನ್ನೂ ಕ್ಯಾಮೆರಾ ಮುಂದೆ ಹಿಡಿಸುತ್ತೇನೆ. ನೀರು ಹೋಗುವ ಮಾತ್ರೆ ಸಂಜೆ ತಗೊಂಡರೆ ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕಾಗುತ್ತದೆ. ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನೇ ಕೇಳಿ, ನೀವಾಗಿ ಬದಲಿಸಬೇಡಿ ಅನ್ನುತ್ತೇನೆ.

ಆನ್‌ಲೈನ್‌ನ ದೊಡ್ಡ ಅನುಕೂಲ ಅಂದರೆ ಅವರು ಮಲಗುವ ಕೋಣೆಯನ್ನೇ ನೋಡಬಹುದು. ನಿವೃತ್ತ ಮೇಷ್ಟ್ರೊಬ್ಬರು ಫೋನ್ ತಿರುಗಿಸಿ ತೋರಿಸಿದರು: ದಿಂಬಿನ ಪಕ್ಕ ಬಿಪಿ ಮಷೀನು, ಆಕ್ಸಿಮೀಟರ್, ಎದುರಿಗೆ ದೊಡ್ಡ ಗಡಿಯಾರ. ರಾತ್ರಿ ಎರಡಕ್ಕೆ ಎಚ್ಚರವಾದರೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ನಾಡಿ 70 ಇದ್ದದ್ದು 78 ಆಯಿತಲ್ಲಾ ಅಂತ ಹೆದರಿ, ಹೆದರಿದ್ದಕ್ಕೆ ಅದು ಇನ್ನೂ ಏರಿ, ಅದನ್ನೇ ನೋಡುತ್ತಾ ಬೆಳಗು ಮಾಡುತ್ತಿದ್ದರು. ಅವರ ಡಾಕ್ಟರನ್ನು ಕೇಳಿ ಮಷೀನುಗಳನ್ನು ಹಾಲ್‌ಗೆ ಸಾಗಿಸಿದೆವು. ಬಿಪಿ ನೋಡುವುದು ಬೆಳಿಗ್ಗೆ ಗೊತ್ತಾದ ಹೊತ್ತಿಗೆ ಮಾತ್ರ. ಎದೆನೋವು ಬಂದರೆ, ಉಸಿರಾಡೋಕೆ ಕಷ್ಟವಾದರೆ ನನ್ನ ಮಾತೆಲ್ಲ ಪಕ್ಕಕ್ಕಿಟ್ಟು ಸೀದಾ ಆಸ್ಪತ್ರೆಗೆ ಹೋಗಬೇಕು, ಇದನ್ನು ಪ್ರತಿ ಸಲ ಹೇಳುತ್ತೇನೆ.

ಕಷ್ಟದ ಭಾಗ ಹಾಸಿಗೆಯ ಹೊತ್ತು ಕಡಿಮೆ ಮಾಡುವುದು. "ಹಾರ್ಟ್ ಪೇಷಂಟು, ರೆಸ್ಟ್ ಮಾಡಲಿ" ಅಂತ ಮನೆಯವರು ಎಂಟಕ್ಕೇ ಮಲಗಿಸುತ್ತಾರೆ. ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದು ಐದೂವರೆ ಗಂಟೆ ನಿದ್ದೆ ಮಾಡಿದರೆ ಉಳಿದದ್ದೆಲ್ಲ ಹೊರಳಾಟವೇ. ಅದಕ್ಕೆ ಹೆಂಡತಿಯನ್ನೂ ಮಗನನ್ನೂ ಕಾಲ್‌ಗೆ ಕೂರಿಸಿಕೊಂಡು, ಪೇಷಂಟ್ ವಾಟ್ಸಾಪ್‌ನಲ್ಲಿ ಕಳಿಸಿದ ನಿದ್ದೆ ಡೈರಿ ತೋರಿಸಿಯೇ ವಿವರಿಸುತ್ತೇನೆ. ಏಳುವ ಹೊತ್ತು ಒಂದೇ, ಮಲಗುವ ಹೊತ್ತು ತಡ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ 85% ನಿದ್ದೆಯಾಗತೊಡಗಿದ ಮೇಲೆ ಹಾಸಿಗೆಯ ಹೊತ್ತಿಗೆ 15 ನಿಮಿಷ ಸೇರಿಸುತ್ತಾ ಹೋಗುತ್ತೇವೆ. ಹೃದಯದ ತೊಂದರೆ ಇರುವವರಿಗೆ ನಾನು ಒಮ್ಮೆಲೇ ಕತ್ತರಿಸುವುದಿಲ್ಲ, ವಾರ ವಾರ ಅರ್ಧ ಗಂಟೆಯಂತೆ ಇಳಿಸುತ್ತೇನೆ.

ಶುರುವಿನ ವಾರಗಳಲ್ಲಿ ಹಗಲು ತೂಕಡಿಕೆ ಜಾಸ್ತಿ. ಆ ದಿನಗಳಲ್ಲಿ ಸ್ಕೂಟರ್ ಮುಟ್ಟಬೇಡಿ. ಮೊದಲಿಂದ ನಿದ್ದೆ ಮಾತ್ರೆ ತಗೊಳ್ಳುತ್ತಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದಂತೆ ನಿಧಾನಕ್ಕೆ ಇಳಿಸಿ.