ಯಾರೂ ನುಡಿಸದ ಪಿಯಾನೋ ಪೀಸ್‌ಗಳನ್ನು ನಾಲ್ಕು ಜನರ ಕೈಗೆ ಮುಟ್ಟಿಸಿದ್ದು

ಬೆಂಗಳೂರಿನಲ್ಲಿ ಪಿಯಾನೋ ಕಲಿಯುತ್ತಿರುವ ಯಾರನ್ನಾದರೂ ಏನು ನುಡಿಸ್ತೀರಿ ಅಂತ ಕೇಳಿ ನೋಡಿ. ಫ್ಯೂರ್ ಎಲೀಸ್, ಮೂನ್‌ಲೈಟ್ ಸೊನಾಟಾದ ಮೊದಲ ಭಾಗ, ಸ್ವಲ್ಪ ಮುಂದೆ ಹೋದವರಾದರೆ ಕ್ಲೇರ್ ದ ಲೂನ್, ಶೋಪ್ಯಾನ್‌ನ ಒಂದೆರಡು ವಾಲ್ಟ್ಸ್. ಅದು ಬಿಟ್ಟರೆ ಈ ವರ್ಷದ ಗ್ರೇಡ್ ಪರೀಕ್ಷೆಯ ಮೂರು ಪೀಸ್. ಮೂರೇ ಪೀಸ್, ಇಡೀ ವರ್ಷ! ಪರೀಕ್ಷೆ ಮುಗಿದ ಮೇಲೆ ಮುಂದಿನ ಗ್ರೇಡ್‌ನ ಮೂರು. ಹೀಗೆ ಎಂಟು ಗ್ರೇಡ್ ಮುಗಿಸಿದ ಹುಡುಗ ಇಪ್ಪತ್ತನಾಲ್ಕು ಪೀಸ್ ಚೆನ್ನಾಗಿ ನುಡಿಸುತ್ತಾನೆ, ಆದರೆ ಇಪ್ಪತ್ತೈದನೆಯದನ್ನು ತಾನೇ ಹುಡುಕಿಕೊಳ್ಳುವುದು ಹೇಗೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ನಾನು ಮನೆಯಲ್ಲೇ ಪಾಠ ಹೇಳುವವಳು. ಕೆಲವು ವರ್ಷಗಳಿಂದ ಒಂದು ವಾಟ್ಸಾಪ್ ಗುಂಪು ನಡೆಸುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳು, ಅವರ ಸ್ನೇಹಿತರು, ಮೈಸೂರು ಮಂಗಳೂರಿನ ಒಂದಷ್ಟು ಜನ, ನ್ಯೂಜೆರ್ಸಿ ಮತ್ತು ಜರ್ಮನಿಯಲ್ಲಿರುವ ಸಾಫ್ಟ್‌ವೇರ್‌ನವರು, ರಿಟೈರ್ ಆದ ಮೇಲೆ ಕಲಿಯಲು ಶುರು ಮಾಡಿದವರು. ಕೆಲಸ ಒಂದೇ. ಜಾಸ್ತಿ ಜನ ಕೇಳಿರದ ಪಿಯಾನೋ ಸಂಗೀತವನ್ನು ಹುಡುಕುವುದು, ನುಡಿಸುವುದು, ಒಬ್ಬರಿಗೊಬ್ಬರು ಕಳಿಸುವುದು. ಇದರಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಏನೆಂದರೆ, ಹೊಗಳಿದರೆ ಯಾರೂ ನುಡಿಸುವುದಿಲ್ಲ. "ಅದ್ಭುತ ಸಂಗೀತಗಾರ, ಕೇಳಲೇಬೇಕು" ಅಂದರೆ ಹೆಬ್ಬೆರಳು ಎತ್ತಿದ ಒಂದು ಇಮೋಜಿ ಬರುತ್ತದೆ, ಅಷ್ಟೇ. ಓದಲು ಆಗುವಂಥ ಎರಡು ಪುಟ, ಕೈ ಕಾಣುವ ಒಂದು ನಿಮಿಷದ ವಿಡಿಯೋ, ಎಲ್ಲಿ ಕಷ್ಟ ಅನ್ನುವ ಒಂದು ಸಾಲು, ಇಷ್ಟು ಕೊಟ್ಟರೆ ಅದೇ ರಾತ್ರಿ ಯಾರೋ ಒಬ್ಬರು ಪಿಯಾನೋ ಮುಂದೆ ಕೂತಿರುತ್ತಾರೆ.

ಹುಡುಕುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ನಾನು ಮಾಡುವುದು ಸರಳ. ನಿಮಗೆ ಇಷ್ಟವಾದ ಸಂಗೀತಗಾರರ ಅಕ್ಕಪಕ್ಕದ ಮನೆ ಬಾಗಿಲು ತಟ್ಟಿ. ಶೋಪ್ಯಾನ್ ಇಷ್ಟವಾ? ಪ್ಯಾರಿಸ್‌ನ ಸ್ಕ್ವೇರ್ ದೊರ್ಲೆಯಾನ್‌ನಲ್ಲಿ ಅವರ ನೆರೆಯಲ್ಲೇ ಇದ್ದವರು ಷಾರ್ಲ್ ವಾಲೆಂತಾನ್ ಅಲ್ಕಾನ್. ಇಬ್ಬರೂ ಸ್ನೇಹಿತರು. ಗ್ರೀಗ್ ಇಷ್ಟವಾದರೆ ಅವರ ಸ್ನೇಹಿತೆ ಅಗಾಥೆ ಬಾಕರ್ ಗ್ರಂಡಾಲ್ ಇದ್ದಾರೆ. ಮೆಂಡೆಲ್‌ಸನ್ ನುಡಿಸುವವರು ಅವರ ಅಕ್ಕ ಫ್ಯಾನಿ ಹೆನ್ಸೆಲ್ 1841ರಲ್ಲಿ ವರ್ಷದ ಹನ್ನೆರಡು ತಿಂಗಳಿಗೆ ಒಂದೊಂದು ಪೀಸ್‌ನಂತೆ ಬರೆದ ಮಾಲೆಯನ್ನು ತೆಗೆದು ನೋಡಬೇಕು. ಡೆಬುಸ್ಸಿ ಜೊತೆ ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಓದಿದವರು ಮೆಲ್ ಬೊನಿಸ್. ಯಾರಿಗೆ ಅರ್ಪಿಸಿದ್ದಾರೆ ಅನ್ನುವುದನ್ನೂ ನೋಡಿ. ಮೊದಲ ಪುಟದ ಮೇಲೆ ಸಣ್ಣಕ್ಷರದಲ್ಲಿ ಇರುತ್ತದೆ. ರಾಖ್ಮನಿನಾಫ್ ತಮ್ಮ ನಾಲ್ಕನೆಯ ಕಂಚೆರ್ಟೊವನ್ನು (ಪಿಯಾನೋ ಮತ್ತು ಆರ್ಕೆಸ್ಟ್ರಾಗೆ ಬರೆದ ದೊಡ್ಡ ಕೃತಿ) ನಿಕೊಲಾಯ್ ಮೆಟ್ನರ್‌ಗೆ ಅರ್ಪಿಸಿದರು, ಮೆಟ್ನರ್ ತಮ್ಮ ಎರಡನೆಯದನ್ನು ರಾಖ್ಮನಿನಾಫ್‌ಗೆ. ಆ ಒಂದು ಸಾಲು ಹಿಡಿದುಕೊಂಡು ಹೋದರೆ ವರ್ಷಗಟ್ಟಲೆ ನುಡಿಸುವಷ್ಟು ಸಂಗೀತ ಸಿಗುತ್ತದೆ.

ಅಲ್ಕಾನ್ ಅಂದ ತಕ್ಷಣ ಗೊತ್ತಿರುವವರು ಹೆದರುತ್ತಾರೆ, ಯಾಕಂದರೆ ಅವರ ದೊಡ್ಡ ಪೀಸ್‌ಗಳು ಭಯಂಕರ ಕಷ್ಟ. ನಾನು ಅಲ್ಲಿಂದ ಶುರು ಮಾಡುವುದಿಲ್ಲ. ಓಪಸ್ 31 (ಓಪಸ್ ಅಂದರೆ ಸಂಗೀತಗಾರರ ಕೃತಿಗಳಿಗೆ ಕೊಡುವ ನಂಬರ್), ಇಪ್ಪತ್ತೈದು ಪ್ರಿಲ್ಯೂಡ್ ಅನ್ನುವ ಸಣ್ಣ ಪೀಸ್‌ಗಳು, 1847. ಅದರಲ್ಲಿ ಎಂಟನೆಯದು, ಕಡಲ ದಡದಲ್ಲಿ ಹುಚ್ಚಿಯೊಬ್ಬಳ ಹಾಡು ಅಂತ ಅದರ ಹೆಸರು. ಎಡಗೈ ಪಿಯಾನೋದ ತೀರಾ ಕೆಳಗೆ, ಮೆತ್ತಗೆ, ಒಂದಾದ ಮೇಲೆ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒತ್ತುತ್ತಾ ಹೋಗುತ್ತದೆ. ಬಲಗೈ ತುಂಬಾ ಮೇಲೆ, ಒಂಟಿ ರಾಗ. ನಡುವೆ ಕೀಬೋರ್ಡ್ ಪೂರ್ತಿ ಖಾಲಿ. ಆ ಖಾಲಿ ಜಾಗದಲ್ಲೇ ಪೀಸ್‌ನ ಜೀವ ಇದೆ. ಬೆರಳಿಗೆ ಕಷ್ಟವೇನೂ ಇಲ್ಲ. ಕಣ್ಣಿಗೆ ಮಾತ್ರ ಗಾಬರಿ, ಯಾಕಂದರೆ ಎ ಫ್ಲ್ಯಾಟ್ ಮೈನರ್, ಸಾಲಿನ ಆರಂಭದಲ್ಲೇ ಏಳು ಫ್ಲ್ಯಾಟ್ ಗುರುತು ಕೂತಿರುತ್ತವೆ (ಫ್ಲ್ಯಾಟ್ ಸ್ವರವನ್ನು ಅರ್ಧ ಇಳಿಸುತ್ತದೆ, ಶಾರ್ಪ್ ಅರ್ಧ ಏರಿಸುತ್ತದೆ). ಗುಂಪಿನಲ್ಲಿ ಒಬ್ಬರು "ಮಿಸ್, ಇದನ್ನ ಜಿ ಶಾರ್ಪ್ ಮೈನರ್‌ಗೆ ಬರೆದುಕೊಡಿ, ಐದೇ ಶಾರ್ಪ್ ಆಗುತ್ತಲ್ವಾ" ಅಂತ ಕೇಳಿದರು. ಬರೆದುಕೊಡಬಹುದಿತ್ತು. ಬೇಡ ಅಂದೆ. ಏಳು ಫ್ಲ್ಯಾಟ್ ಅಂದರೆ ಎಲ್ಲಾ ಸ್ವರವೂ ಫ್ಲ್ಯಾಟ್, ಯಾವುದಕ್ಕೆ ಇದೆ ಯಾವುದಕ್ಕೆ ಇಲ್ಲ ಅಂತ ನೆನಪಿಟ್ಟುಕೊಳ್ಳುವ ಗೋಜೇ ಇಲ್ಲ ಅಂತ ಹೇಳಿದೆ. ಮೊದಲ ಎಂಟು ಬಾರ್‌ನಲ್ಲಿ (ಶೀಟ್‌ನಲ್ಲಿ ಗೆರೆ ಹಾಕಿ ಭಾಗ ಮಾಡಿದ ಒಂದೊಂದು ತುಣುಕು) ಎಡಗೈ ಮಾತ್ರ ನುಡಿಸಿ, ಪೆಡಲ್ ಪ್ರತಿ ಕಾರ್ಡ್‌ಗೂ ಬದಲಿಸಿ, ಒಂದು ಕಾರ್ಡ್ ಕೂಡ ಇನ್ನೊಂದಕ್ಕಿಂತ ಜೋರಾಗಬಾರದು, ಅಷ್ಟು ಮಾಡಿ ಕಳಿಸಿ ಅಂದೆ. ಕಳಿಸಿದರು. ಆಮೇಲೆ ಬಲಗೈ ಕೂಡಿಸುವುದಕ್ಕೆ ನಾನು ಹೇಳಬೇಕಾಗಿಯೇ ಬರಲಿಲ್ಲ.

ಇದೇ ಪೀಸ್ ಇನ್ನೊಂದು ವಿಷಯವನ್ನೂ ಮುಂದೆ ತಂದಿತು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆಯಲ್ಲಿ ಇರುವುದು 61 ಕೀಯ ಕೀಬೋರ್ಡ್. ನಿಜವಾದ ಪಿಯಾನೋದಲ್ಲಿ 88 ಇರುತ್ತವೆ. 61 ಕೀ ಅಂದರೆ ನಡುವಿನ ಸಿ ಸ್ವರದಿಂದ ಕೆಳಗೆ ಎರಡೇ ಆಕ್ಟೇವ್ (ನಮ್ಮ ಸ್ಥಾಯಿ). ಅಲ್ಕಾನ್‌ನ ಆ ಕೆಳಗಿನ ಕಾರ್ಡ್‌ಗಳು ಅದರಲ್ಲಿ ಸಿಗುವುದಿಲ್ಲ. ಹಾಗಾಗಿ ಈಗ ನಾನು ಕಳಿಸುವ ಪ್ರತಿ ಪೀಸ್ ಜೊತೆ ಮೊದಲ ಸಾಲೇ "61 ಕೀ ಸಾಕು" ಅಥವಾ "88 ಬೇಕು". ಎರಡನೆಯ ಸಾಲು, ಕೈ ಎಷ್ಟು ಅಗಲ ಚಾಚಬೇಕು. ಆಕ್ಟೇವ್ ಮುಟ್ಟದ ಮಕ್ಕಳು, ಸಣ್ಣ ಕೈಯ ಹೆಂಗಸರು ತುಂಬಾ ಜನ ಇದ್ದಾರೆ, ಅವರಿಗೆ ಇದು ಮೊದಲೇ ಗೊತ್ತಾಗಬೇಕು. ಮೂರನೆಯದು, ಅತಿ ಕಷ್ಟದ ಬಾರ್ ಯಾವುದು, ನಂಬರ್ ಸಮೇತ. ಗ್ರೇಡ್ ಐದರ ಮಟ್ಟ, ಆರರ ಮಟ್ಟ ಅಂತ ಬರೆಯುವುದೂ ಉಂಟು, ಆದರೆ ಅದಕ್ಕಿಂತ ಈ ಮೂರು ಸಾಲು ಉಪಯೋಗಕ್ಕೆ ಬರುತ್ತವೆ. ಗ್ರೇಡ್ ನಂಬರ್ ನೋಡಿ "ಅಯ್ಯೋ ನಂದು ಇನ್ನೂ ನಾಲ್ಕು" ಅಂತ ಹಿಂದೆ ಸರಿಯುವವರು, ಒಂದೇ ಒಂದು ಬಾರ್ ಕಷ್ಟ ಇದೆ ಅಂದರೆ ಅದನ್ನೇ ಮೊದಲು ನುಡಿಸಿ ನೋಡುತ್ತಾರೆ.

ಶೀಟ್, ಅಂದರೆ ಅಚ್ಚಾದ ಸ್ವರಲಿಪಿ, ಸಿಗುವುದು ಐಎಂಎಸ್‌ಎಲ್‌ಪಿ ಅನ್ನುವ ವೆಬ್‌ಸೈಟ್‌ನಲ್ಲಿ. 2006ರಲ್ಲಿ ಎಡ್ವರ್ಡ್ ಗುವೊ ಅನ್ನುವ ಸಂಗೀತ ವಿದ್ಯಾರ್ಥಿ ಶುರು ಮಾಡಿದ್ದು. 2007ರ ಅಕ್ಟೋಬರ್‌ನಲ್ಲಿ ಯುರೋಪಿನ ಪ್ರಕಾಶಕರೊಬ್ಬರ ನೋಟಿಸ್‌ನಿಂದ ಮುಚ್ಚಿಹೋಗಿ, 2008ರ ಜೂನ್ ಕೊನೆಗೆ ಮತ್ತೆ ತೆರೆಯಿತು. ಅದಿಲ್ಲದಿದ್ದರೆ ಬೆಂಗಳೂರಿನಲ್ಲಿ ಕೂತು ಈ ಕೆಲಸ ಮಾಡುವ ಮಾತೇ ಇರಲಿಲ್ಲ. ಅಲ್ಲಿ ಹುಡುಕುವಾಗ ಪೀಸ್‌ನ ಹೆಸರಿಗಿಂತ ಓಪಸ್ ನಂಬರ್ ಹಾಕಿ. ಒಂದೇ ಪೀಸ್ ರಷ್ಯನ್, ಜರ್ಮನ್, ಇಂಗ್ಲಿಷ್ ಮೂರು ಹೆಸರಲ್ಲಿ ಓಡಾಡುತ್ತಿರುತ್ತದೆ, ನಂಬರ್ ಮಾತ್ರ ಒಂದೇ.

ಕಾಪಿರೈಟ್ ಲೆಕ್ಕ ಎಲ್ಲರಿಗೂ ಬಾಯಿಪಾಠ ಆಗಬೇಕು. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ವರ್ಷಕ್ಕೆ 60 ಸೇರಿಸಿ, ಅದರ ಮುಂದಿನ ಜನವರಿ 1ರಿಂದ ಕೃತಿ ಎಲ್ಲರದೂ. ಯುರೋಪಿನಲ್ಲಿ 70. ಮೆಟ್ನರ್ ತೀರಿಕೊಂಡದ್ದು 1951ರಲ್ಲಿ, ಹಾಗಾಗಿ ನಮಗೆ 2012ಕ್ಕೇ ಮುಕ್ತ, ಜರ್ಮನಿಯಲ್ಲಿರುವ ನಮ್ಮವರಿಗೆ 2022ಕ್ಕೆ. ಅಮೆರಿಕದಲ್ಲಿ ಹಳೆಯ ಕೃತಿಗಳಿಗೆ ಅಚ್ಚಾದ ವರ್ಷದಿಂದ 95 ವರ್ಷದ ಲೆಕ್ಕ. ಸ್ಪೇನಿನ ಫೆಡೆರಿಕೊ ಮೊಂಪೌ 1987ರವರೆಗೆ ಬದುಕಿದ್ದರು, ಅವರ ಶೀಟ್ ಸ್ಕ್ಯಾನ್ ಮಾಡಿ ಗುಂಪಿಗೆ ಹಾಕಬೇಡಿ, ಕೊಂಡುಕೊಳ್ಳಿ. ಅಮೆರಿಕದ ಸಂಗೀತಗಾರ್ತಿ ಫ್ಲಾರೆನ್ಸ್ ಪ್ರೈಸ್ ವಿಷಯ ಇನ್ನೂ ಸೂಕ್ಷ್ಮ. ಅವರು ತೀರಿಕೊಂಡದ್ದು 1953ರಲ್ಲಿ. ಆದರೆ 2009ರಲ್ಲಿ ಇಲಿನಾಯ್‌ನ ಸೇಂಟ್ ಆ್ಯನ್ ಊರಿನ ಪಾಳುಬಿದ್ದ ಮನೆಯೊಂದರಲ್ಲಿ ಅವರ ಹಸ್ತಪ್ರತಿಗಳ ರಾಶಿ ಸಿಕ್ಕಿತು. ತೀರಿಕೊಂಡ ಮೇಲೆ ಮೊದಲ ಸಲ ಅಚ್ಚಾದ ಕೃತಿಗೆ ನಮ್ಮಲ್ಲಿ ಆ 60 ವರ್ಷ ಶುರುವಾಗುವುದೇ ಅಚ್ಚಾದ ವರ್ಷದಿಂದ. ಅವರ ಸಂಗೀತ ನುಡಿಸಿ, ಎಲ್ಲರಿಗೂ ಹೇಳಿ, ಶೀಟ್‌ಗೆ ದುಡ್ಡು ಕೊಡಿ.

ಪ್ರಿಂಟ್ ಮಾಡಿಸುವುದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಇಲ್ಲೇ ಎಷ್ಟೋ ಜನ ಕೈಬಿಡುತ್ತಾರೆ. ಹಳೆಯ ಶೀಟ್‌ಗಳು ಎ4ಗಿಂತ ದೊಡ್ಡ ಕಾಗದದಲ್ಲಿ ಅಚ್ಚಾದವು. ಸುಮ್ನೆ ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟರೆ ಅಗಲವಾದ ಖಾಲಿ ಅಂಚು ಸಮೇತ ಕುಗ್ಗಿಸಿ ಕೊಡುತ್ತಾರೆ, ನೋಟ್‌ಗಳು ಸಾಸಿವೆ ಕಾಳಿನಷ್ಟಾಗುತ್ತವೆ. ಮೊದಲು ನಾಲ್ಕೂ ಕಡೆ ಅಂಚು ಕತ್ತರಿಸಿ, ಕಂದು ಬಣ್ಣದ ಹಿನ್ನೆಲೆಯನ್ನು ಬಿಳಿ ಮಾಡಿ, ಆಮೇಲೆ ಕೊಡಿ. ಎ3 ಹಾಳೆಯಲ್ಲಿ ಎರಡು ಪುಟ ಅಕ್ಕಪಕ್ಕ ಬಂದರೆ ಇನ್ನೂ ಒಳ್ಳೆಯದು, ಪುಟ ತಿರುಗಿಸುವ ಕಾಟ ಇಲ್ಲ. ಸ್ಕ್ಯಾನ್ ತೀರಾ ಕೆಟ್ಟದಾಗಿದ್ದರೆ ಮ್ಯೂಸ್‌ಸ್ಕೋರ್‌ನಲ್ಲಿ ಹೊಸದಾಗಿ ಟೈಪ್ ಮಾಡುತ್ತೇನೆ. ಅದು ಪುಕ್ಕಟೆ ಸಾಫ್ಟ್‌ವೇರ್. ಹೊತ್ತು ಹಿಡಿಯುತ್ತದೆ ನಿಜ. ಆದರೆ ಒಂದೊಂದೇ ಸ್ವರ ಟೈಪ್ ಮಾಡುವಾಗ ಆ ಪೀಸ್ ಒಳಗಿನಿಂದ ಅರ್ಥವಾಗುತ್ತದೆ. ಟೈಪ್ ಮಾಡಿದ ಮೇಲೆ ಇನ್ನೊಬ್ಬರಿಂದ ಮೂಲದ ಜೊತೆ ಹೋಲಿಸಿ ನೋಡಿಸದೆ ಗುಂಪಿಗೆ ಹಾಕುವುದಿಲ್ಲ.

ವಿಡಿಯೋ ಮಾಡಲು ಫೋನ್ ಸಾಕು. ಕೈ ಮೇಲಿನಿಂದ ಕಾಣಬೇಕು, ಮುಖ ಬೇಕಾಗಿಲ್ಲ. ಫೋನಿನ ಮೈಕ್ ತಾನಾಗಿಯೇ ಸಣ್ಣ ಸದ್ದನ್ನು ಏರಿಸಿ ದೊಡ್ಡದನ್ನು ಇಳಿಸಿಬಿಡುತ್ತದೆ, ಅಲ್ಕಾನ್‌ನಂಥ ಪೀಸ್‌ಗೆ ಅದು ಮಾರಕ. ಸದ್ದಿನ ಮಟ್ಟವನ್ನು ಕೈಯಲ್ಲೇ ನಿಗದಿ ಮಾಡಲು ಬಿಡುವ ರೆಕಾರ್ಡಿಂಗ್ ಆ್ಯಪ್ ಹಾಕಿಕೊಳ್ಳಿ. ಪೂರ್ತಿ ವೇಗದಲ್ಲಿ ನುಡಿಸಬೇಡಿ. ಪೂರ್ತಿ ವೇಗದ ರೆಕಾರ್ಡಿಂಗ್ ದೊಡ್ಡ ಕಲಾವಿದರದ್ದು ಸಿಗುತ್ತದೆ. ನಿಧಾನವಾಗಿ, ಯಾವ ಬೆರಳು ಎಲ್ಲಿ ಅಂತ ಕಾಣುವ ಹಾಗೆ ನುಡಿಸಿದ್ದು ಇಂಥ ಪೀಸ್‌ಗಳಿಗೆ ಎಲ್ಲೂ ಸಿಗುವುದಿಲ್ಲ. ವಿಡಿಯೋವನ್ನು ನೆಟ್‌ಗೆ ಹಾಕಿದಾಗ, ನೀವೇ ನುಡಿಸಿದ, ನೂರೈವತ್ತು ವರ್ಷ ಹಳೆಯ ಪೀಸ್‌ಗೂ ಒಮ್ಮೊಮ್ಮೆ "ಇದು ಇನ್ಯಾರದೋ ರೆಕಾರ್ಡಿಂಗ್" ಅಂತ ಯಂತ್ರದಿಂದ ಕ್ಲೇಮ್ ಬರುತ್ತದೆ. ಸುಮ್ಮನೆ ಬಿಡಬೇಡಿ. ಸಂಗೀತಗಾರರ ಕಾಲ, ಕೃತಿ ಅಚ್ಚಾದ ವರ್ಷ, ನುಡಿಸಿದ್ದು ನಾನೇ ಅನ್ನುವುದು, ಈ ಮೂರನ್ನು ಬರೆದು ತಕರಾರು ಹಾಕಿ.

ಇನ್ನು ಮೆಟ್ನರ್. ಮಾಸ್ಕೋದಲ್ಲಿ ಹುಟ್ಟಿ ಕೊನೆಯ ವರ್ಷಗಳನ್ನು ಲಂಡನ್ನಿನಲ್ಲಿ ಕಳೆದ ಈ ಸಂಗೀತಗಾರರನ್ನು ಆಗ ಹೆಚ್ಚು ಜನ ಕೇಳುತ್ತಿರಲಿಲ್ಲ. ಅವರ ಕೈಹಿಡಿದವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್. ಅವರದೇ ಹಣದಿಂದ ಮೆಟ್ನರ್ ಸೊಸೈಟಿ ಹುಟ್ಟಿತು, ರೆಕಾರ್ಡ್ ಕಂಪನಿ ಎಚ್‌ಎಂವಿಗಾಗಿ ಮೆಟ್ನರ್ ತಾವೇ ಪಿಯಾನೋ ನುಡಿಸಿ ಮೂರೂ ಕಂಚೆರ್ಟೊಗಳನ್ನು ರೆಕಾರ್ಡ್ ಮಾಡಿದರು. ಮೂರನೆಯ ಕಂಚೆರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ್ದಾರೆ. ಇವತ್ತು ನಾವು ಮೆಟ್ನರ್ ಸಂಗೀತವನ್ನು ಮೆಟ್ನರ್ ಕೈಯಿಂದಲೇ ಕೇಳಲು ಆಗುತ್ತಿದೆ ಅಂದರೆ ಅದರಲ್ಲಿ ಮೈಸೂರಿನ ಪಾಲು ದೊಡ್ಡದು. ಇದನ್ನು ಗುಂಪಿಗೆ ಬರೆದಾಗ ಮೈಸೂರಿನ ಹಿರಿಯರೊಬ್ಬರು ಫೋನ್ ಮಾಡಿ, "ಏನಮ್ಮಾ, ಅರಮನೆ ಪಕ್ಕದಲ್ಲೇ ಬೆಳೆದವನು ನಾನು, ನನಗೇ ಗೊತ್ತಿರಲಿಲ್ಲವಲ್ಲ" ಅಂದರು. ಅವರು ಮೆಟ್ನರ್ ನುಡಿಸಲೇಬೇಕು ಅಂತ ಹಟ ಹಿಡಿದರು.

ಮೆಟ್ನರ್ ಸುಲಭವಿಲ್ಲ. ಇದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ಸರಿಯಲ್ಲ. ಅವರು ಕಾಲ್ಪನಿಕ ಕಥೆಗಳು ಅಂತ ಹೆಸರಿಟ್ಟು ಬರೆದ ಸಣ್ಣ ಪೀಸ್‌ಗಳಲ್ಲಿ ಓಪಸ್ 26ರ ಮೂರನೆಯದು, ಎಫ್ ಮೈನರ್, ಗಟ್ಟಿಯಾಗಿ ಕಲಿತವರ ಕೈಗೆ ಸಿಗುವಂಥದ್ದು. ಕಥೆ ಹೇಳುವ ಹಾಗೆ, ನಿಮಗೆ ತೋಚಿದ ಗತಿಯಲ್ಲಿ ಅಂತ ಮೇಲೆ ಬರೆದಿದ್ದಾರೆ. ಆ ಹಿರಿಯರಿಗೆ ನಾನು ಕಳಿಸಿದ್ದು ಮೊದಲ ಸಾಲು ಮಾತ್ರ. ಅದು ಬಂದ ಮೇಲೆ ಎರಡನೆಯದು. ಗುಂಪಿನಲ್ಲೂ ಇದೇ ಕಟ್ಟಳೆ ಇಟ್ಟಿದ್ದೇವೆ, ಯಾರೂ ಪೂರ್ತಿ ಪೀಸ್ ಕಳಿಸಬೇಕಾಗಿಲ್ಲ, ಎಂಟು ಬಾರ್ ಸಾಕು. ಪೂರ್ತಿ ನುಡಿಸಿ ಕಳಿಸಿ ಅಂದರೆ ಚೆನ್ನಾಗಿ ನುಡಿಸುವ ಇಬ್ಬರು ಮಾತ್ರ ಕಳಿಸುತ್ತಾರೆ, ಉಳಿದವರು ಕೇಳುಗರಾಗಿ ಕೂತುಬಿಡುತ್ತಾರೆ. ಎಂಟು ಬಾರ್ ಆದರೆ ಮಂಗಳೂರಿನ ಒಬ್ಬರು ಮೊದಲ ಎಂಟು, ನ್ಯೂಜೆರ್ಸಿಯವರು ಮುಂದಿನ ಎಂಟು, ಹೀಗೆ ಪೀಸ್ ಊರೂರು ಸುತ್ತಿ ಪೂರ್ತಿಯಾಗುತ್ತದೆ.

ಸ್ವಲ್ಪ ಕುಣಿಸುವ ಸಂಗೀತ ಬೇಕು ಅಂದವರಿಗೆ ಬ್ರೆಜಿಲ್‌ನ ಎರ್ನೆಸ್ಟೊ ನಜರೆ. ರಿಯೊದ ಒಡಿಯಾನ್ ಚಿತ್ರಮಂದಿರದಲ್ಲಿ ಪಿಯಾನೋ ನುಡಿಸುತ್ತಿದ್ದವರು, ಅದೇ ಹೆಸರಲ್ಲಿ ಒಂದು ಟ್ಯಾಂಗೊ ಬರೆದಿದ್ದಾರೆ. ಅದರ ಮೊದಲ ಭಾಗದಲ್ಲಿ ರಾಗ ಎಡಗೈಯಲ್ಲಿ, ತಾಳದ ಕಾರ್ಡ್ ಬಲಗೈಯಲ್ಲಿ. ಎಡಗೈ ಸೋಮಾರಿಯಾದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗಂತೂ ಸಿಕ್ಕಿಲ್ಲ.

ಈಗ ನಮ್ಮ ಕೈಯಲ್ಲಿರುವುದು ಜಾನ್ ಫೌಲ್ಡ್ಸ್. ಮ್ಯಾಂಚೆಸ್ಟರ್‌ನವರು, 1935ರಲ್ಲಿ ಭಾರತಕ್ಕೆ ಬಂದು ದೆಹಲಿ ಆಕಾಶವಾಣಿಯಲ್ಲಿ ಕೆಲಸ ಮಾಡಿ 1939ರಲ್ಲಿ ಕಲ್ಕತ್ತದಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ, 1920ರ ದಶಕದಲ್ಲಿ, ನಮ್ಮ ಕರ್ನಾಟಕ ಸಂಗೀತದ ಮೇಳಕರ್ತಗಳ ಸ್ವರಗುಂಪುಗಳನ್ನು ಇಟ್ಟುಕೊಂಡು ಪಿಯಾನೋಗೆ ಒಂದು ಮಾಲೆ ಬರೆದಿದ್ದಾರೆ. ಗುಂಪಿನಲ್ಲಿ ಹಾಡುಗಾರಿಕೆ ಕಲಿತ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಶೀಟ್ ಕಳಿಸಿದೆ, ಪ್ರತಿ ಪೀಸ್‌ನ ಸ್ವರಗಳನ್ನು ಬರೆದುಕೊಂಡು ಎಷ್ಟನೆಯ ಮೇಳ ಅಂತ ಕಂಡುಹಿಡಿಯುವ ಕೆಲಸ ಅವರದ್ದು. ಗಮಕ ಪಿಯಾನೋದಲ್ಲಿ ಬರುವುದಿಲ್ಲ, ಹಾಗಾಗಿ ರಾಗ ಅಂತ ಕೇಳಿಸುವುದಿಲ್ಲ ಅಂತ ಒಬ್ಬಳ ವಾದ. ರಾಗವನ್ನು ಹುಡುಕಲೇಬಾರದು, ಸ್ವರಗಳು ಒಂದರ ಮೇಲೊಂದು ಕೂತಾಗ ಏನಾಗುತ್ತದೆ ಅಂತ ಕೇಳಬೇಕು ಅಂತ ಇನ್ನೊಬ್ಬಳು. ವಾದ ಇನ್ನೂ ನಡೆಯುತ್ತಿದೆ, ನಡುನಡುವೆ ಇಬ್ಬರೂ ಎಂಟೆಂಟು ಬಾರ್ ನುಡಿಸಿ ಕಳಿಸುತ್ತಿದ್ದಾರೆ.